140 ಐಟಂಗಳ ಮೆನು

ಎಲ್ಲರಿಗೂ ನಮಸ್ಕಾರ.

"ತೃಪ್ತಿಯ ಬಗ್ಗೆ ನಾಲ್ಕು ಮಾತು ಹೇಳಿ" ಅಂತ ಕಮಿಟಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ಸುಮಾರು 40 ವರ್ಷ ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸಿದವನು ನಾನು. ನನ್ನ ಹತ್ತಿರ ತೃಪ್ತಿ ಕೇಳೋದು ಅಂದರೆ ಮೀನಿನ ಬುಟ್ಟಿಯಲ್ಲಿ ಮಲ್ಲಿಗೆ ಹುಡುಕಿದ ಹಾಗೆ. ಅದಕ್ಕೇ ತತ್ವ ಬೇಡ, ನನ್ನ ಹೋಟೆಲಿನ ಮೆನು ಕಾರ್ಡಿನ ಕಥೆ ಹೇಳ್ತೇನೆ.

ಊರು ಕಾರ್ಕಳದ ಹತ್ತಿರ. 14ನೇ ವಯಸ್ಸಿಗೆ ಮುಂಬೈಗೆ ಬಂದೆ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯೋದು, ಸಂಜೆ ಕನ್ನಡ ರಾತ್ರಿ ಶಾಲೆ, ಆಮೇಲೆ ಎರಡು ಟೇಬಲ್ ಜೋಡಿಸಿ ಮಲಗೋದು. ಇಲ್ಲಿ ಕೂತವರಲ್ಲಿ ಅರ್ಧ ಜನರ ಕಥೆ ಇದೇ, ಅಲ್ವಾ? ಹೆಚ್ಚು ಎಳೆಯುವುದಿಲ್ಲ. 1986ರಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸ್ವಂತ ಹೋಟೆಲ್ ಹಾಕಿದೆ. ಒಂಬತ್ತು ಟೇಬಲ್. ಮೆನು ಕಾರ್ಡಿಗೆ ಒಂದೇ ಮಗ್ಗುಲು, 22 ಐಟಂ.

ಕಲಿತದ್ದು ಮುಂಬೈಯ ಈ ಮಾಟುಂಗಾದ ಹಳೆಯ ಹೋಟೆಲುಗಳನ್ನು ನೋಡಿ. ರಾಮಾಶ್ರಯ 1939ರದ್ದು, ಕೆಫೆ ಮದ್ರಾಸ್ 1940ರದ್ದು. ಸ್ಟೇಷನ್ ಎದುರು ಮಹಡಿ ಮೇಲಿನ ರಾಮ ನಾಯಕರ ಬೋರ್ಡಿಂಗ್ 1942ರದ್ದು. ಇಷ್ಟು ವರ್ಷವಾದರೂ ಬಾಳೆ ಎಲೆ ಊಟಕ್ಕೆ ಜನ ಅಲ್ಲಿ ಮೆಟ್ಟಿಲು ಹತ್ತುತ್ತಾರೆ. ಉದ್ದದ ಮೆನು ಇಲ್ಲದೆಯೂ ಹೋಟೆಲ್ ನಡೆಯುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆ ಕೇಳಿ.

ಕಾಲೇಜು ಹುಡುಗರು ಪಾವ್‌ಭಾಜಿ ಕೇಳಿದರು, ಇಟ್ಟೆ. ಪಕ್ಕದ ರಸ್ತೆಯವನು ಚೈನೀಸ್ ಶುರು ಮಾಡಿದ, ನಾನೂ ಮಾಡಿದೆ. ಫ್ಯಾಮಿಲಿಯವರು ಪನೀರ್ ಕೇಳಿದರು, ಪಂಜಾಬಿ ಬಂತು. ಕಡೆಗೆ ಪಿಜ್ಜಾ ಕೂಡ ಬಂತು, ಅದರ ಜೊತೆ ತೆಂಗಿನಕಾಯಿ ಚಟ್ನಿ ಕೇಳಿದವರೂ ಇದ್ದರು. ಒಂದೊಂದು ಸೇರಿಸಿದ್ದೂ ಆ ದಿನಕ್ಕೆ ಸರಿಯಾಗಿಯೇ ಕಂಡಿತ್ತು. ತಪ್ಪು ಅಂತ ಬೆರಳು ಮಾಡಿ ತೋರಿಸೋಕೆ ಒಂದು ದಿನವೂ ಸಿಗುವುದಿಲ್ಲ. ಆದರೆ ಒಂದು ಸಲ ಹೊಸ ಕಾರ್ಡ್ ಪ್ರಿಂಟ್ ಮಾಡುವವನು "ಸೇಠ್, ಆರು ಪೇಜ್ ಆಗುತ್ತೆ" ಅಂದ. ಎಣಿಸಿದೆ. 140 ಐಟಂ!

ಹೊರಗಿನವರಿಗೆ ಐಟಂ ಅಂದರೆ ಕಾರ್ಡಿನಲ್ಲಿ ಒಂದು ಸಾಲು. ಒಳಗೆ ಹಾಗಲ್ಲ. ಚೈನೀಸ್‌ಗೆ ಜೋರು ಉರಿಯ ಬೇರೆ ಒಲೆ ಬೇಕು, ಬೇರೆ ಕಡಾಯಿ, ಬೇರೆ ಅಡುಗೆಯವನು. ಅವನು ಊರಿಗೆ ಹೋದ ದಿನ ಕಾರ್ಡಿನಿಂದ 18 ಸಾಲು ಮಾಯ. ಪಂಜಾಬಿಗೆ ಕೆಂಪು, ಬಿಳಿ, ಹಳದಿ ಅಂತ ಮೂರು ಗ್ರೇವಿ ಬೆಳಿಗ್ಗೆಯೇ ಆಗಬೇಕು. ಉಳಿದದ್ದು ಫ್ರಿಜ್‌ಗೆ. ಒಂದು ಫ್ರಿಜ್ ಸಾಲದೆ ಎರಡನೆಯದು ಬಂತು. ಅದಕ್ಕೆ ಜಾಗ ಮಾಡೋಕೆ ರುಬ್ಬುವ ಗ್ರೈಂಡರನ್ನು ಹಿಂದಿನ ಪ್ಯಾಸೇಜಿಗೆ ತಳ್ಳಿದೆವು. ನೋಡಿ, ಉಡುಪಿ ಹೋಟೆಲಿನಲ್ಲಿ ಇಡ್ಲಿಯ ಗ್ರೈಂಡರೇ ಹೊರಗೆ!

ಇಡ್ಲಿ ಹಿಟ್ಟಿನ ಒಂದು ಗುಟ್ಟಿದೆ, ಹೆಂಗಸರಿಗೆ ಹೊಸದಲ್ಲ. ಪಾತ್ರೆ ತುಂಬಿಸಬಾರದು. ಮೂರರಲ್ಲಿ ಒಂದು ಪಾಲು ಖಾಲಿ ಬಿಡಬೇಕು. ರಾತ್ರಿ ಹುದುಗು ಬಂದಾಗ ಏರೋಕೆ ಅದಕ್ಕೆ ಜಾಗ ಬೇಕು. ನಮ್ಮ ಅಡುಗೆ ಭಟ್ರು ಪಾತ್ರೆಯ ಕತ್ತಿನ ಕೆಳಗೆ ಬೆರಳಿಟ್ಟು ಅಳೆಯುತ್ತಿದ್ದರು. ಅಲ್ಲಿಗೆ ಬಂದರೆ ಕೈ ನಿಲ್ಲಬೇಕು. ಒಂದು ಮೇ ತಿಂಗಳು ಪ್ಯಾಸೇಜಿನಲ್ಲಿ ಎರಡು ಪಾತ್ರೆಗೆ ಜಾಗ ಇಲ್ಲ ಅಂತ ಎಲ್ಲ ಹಿಟ್ಟೂ ಒಂದಕ್ಕೇ ಸುರಿಸಿದೆ. "ಬೇಡ ಧಣಿ" ಅಂದರು ಭಟ್ರು. ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿದರೆ ಹಿಟ್ಟು ಮುಚ್ಚಳ ಎತ್ತಿ, ಪಾತ್ರೆ ಇಳಿದು, ನೆಲದ ಮೇಲೆ ಮೋರಿಯ ಕಡೆಗೆ ಹೊರಟಿತ್ತು. ಇರುವೆ ಸಾಲು ಬೇರೆ. ನಾನು ಪಂಚೆ ಎತ್ತಿ ಕಟ್ಟಿಕೊಂಡು ಬಕೆಟ್ ಹಿಡಿದೆ.

ಅವತ್ತು ಬುದ್ಧಿ ಬಂತು ಅಂದುಕೊಂಡ್ರಾ? ಇಲ್ಲ ಮಾರಾಯ್ರೆ. ಅವತ್ತು ಸಂಜೆ ಇನ್ನೂ ದೊಡ್ಡ ಪಾತ್ರೆ ತಂದೆ.

ಇದನ್ನು ಹೇಳಿದಾಗ ಮಗಳು ನಕ್ಕು ಒಂದು ಪ್ರಯೋಗದ ವಿಷಯ ಹೇಳಿದಳು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಮಾಡಿದ್ದು, 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿದೆ. ಮಕ್ಕಳ ಲೆಗೋ ಇಟ್ಟಿಗೆಯಲ್ಲಿ ಒಂದು ಕಟ್ಟಡ. ಅದರ ಮಾಡು, ಅಂದರೆ ಛಾವಣಿ, ಒಂದು ಮೂಲೆಯಲ್ಲಿ ಒಂದೇ ಇಟ್ಟಿಗೆಯ ಮೇಲೆ ನಿಂತಿದೆ. ಭಾರ ಹಾಕಿದರೆ ಬೀಳುತ್ತದೆ. ಭದ್ರ ಮಾಡಿದರೆ ಒಂದು ಡಾಲರ್ ಕೊಡುತ್ತಾರೆ, ಹೊಸದಾಗಿ ಇಡುವ ಒಂದೊಂದು ಇಟ್ಟಿಗೆಗೂ 10 ಸೆಂಟ್ ಮುರಿದುಕೊಳ್ಳುತ್ತಾರೆ. ಆ ಒಂಟಿ ಇಟ್ಟಿಗೆ ತೆಗೆದುಬಿಟ್ಟರೆ ಮಾಡು ಕೆಳಗೆ ಇಳಿದು ಗಟ್ಟಿಯಾಗಿ ಕೂರುತ್ತದೆ, ಖರ್ಚೇ ಇಲ್ಲ. ಹಾಗೆ ಮಾಡಿದವರು ನೂರಕ್ಕೆ 41 ಜನ ಮಾತ್ರ. "ಇಟ್ಟಿಗೆ ತೆಗೆದರೆ ದುಡ್ಡು ಮುರಿಯೋದಿಲ್ಲ" ಅಂತ ಮೊದಲೇ ನೆನಪಿಸಿದಾಗ 61 ಆಯಿತು. ತೆಗೆಯಬಹುದು ಅನ್ನೋದು ನಮಗೆ ತಾನಾಗಿ ಹೊಳೆಯೋದು ಕಷ್ಟ. ದೊಡ್ಡ ಪಾತ್ರೆ ಬೇಗ ಹೊಳೆಯುತ್ತದೆ.

ನನ್ನ ಮೆನು ಇಳಿದದ್ದೂ ಬುದ್ಧಿಯಿಂದ ಅಲ್ಲ, ಗತಿ ಇಲ್ಲದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಅಕ್ಟೋಬರ್‌ನಲ್ಲಿ ಅರ್ಧ ಟೇಬಲ್ ಹಾಕಿ ಹೋಟೆಲ್ ತೆರೆಯಬಹುದು ಅಂತ ಸರ್ಕಾರ ಹೇಳಿದಾಗ ನನ್ನ ಹತ್ತಿರ ಉಳಿದವರು ನಾಲ್ಕೇ ಜನ. ಭಟ್ರಿಗೆ ಕೈಲಾಗುವುದು ಎಷ್ಟೋ ಅಷ್ಟು ಬರೆದೆವು. 24 ಐಟಂ. ಮೊದಲ ತಿಂಗಳು ನಾಚಿಕೆ ಆಗುತ್ತಿತ್ತು. ಹಕ್ಕಾ ನೂಡಲ್ಸ್ ಇಲ್ಲವಾ ಅಂತ ಕೇಳಿದವರಿಗೆಲ್ಲ ತಪ್ಪು ಮಾಡಿದವನ ಹಾಗೆ ಉತ್ತರ ಕೊಡುತ್ತಿದ್ದೆ. ಆಮೇಲೆ ಎರಡನೇ ಫ್ರಿಜ್ ಮಾರಿದೆ. ಗ್ರೈಂಡರ್ ಒಳಗೆ ಬಂತು. ಇಡ್ಲಿ ಮೊದಲಿನಂತಾಯಿತು, ಇದು ನನ್ನ ಮಾತಲ್ಲ, ಗಿರಾಕಿಗಳ ಮಾತು. ಸುಳ್ಳು ಹೇಳೋದಿಲ್ಲ, ವ್ಯಾಪಾರ ಕಮ್ಮಿಯಾಗಿದೆ. ಮೊದಲಿನ ಗಲ್ಲಾ ಇಲ್ಲ. ಮಧ್ಯಾಹ್ನ ಮೂರಕ್ಕೆ ಮನೆಗೆ ಹೋಗಿ ಒಂದು ನಿದ್ದೆ ಇದೆ.

12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದ್ದರು. ಬಸವಣ್ಣನ ಮನೆಯಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಜಾಸ್ತಿ ತಂದ. ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ" ಅಂತ ಗದರಿ ವಾಪಸು ಕಳಿಸಿದಳು. ಎಲ್ಲರೂ ಇದರಲ್ಲಿ ಆಸೆಯ ಮಾತು ನೋಡುತ್ತಾರೆ. ಹೋಟೆಲಿನವನಿಗೆ ಕಾಣುವುದು ಬೇರೆ. ಜಾಸ್ತಿ ಅಂತ ಅವಳಿಗೆ ಗೊತ್ತಾಗಿದ್ದು ಹೇಗೆ? ದಿನಾ ಎಷ್ಟು ಬೇಕು ಅನ್ನೋ ಅಳತೆ ಅವಳ ಕೈಯಲ್ಲಿತ್ತು. ಭಟ್ರ ಬೆರಳಿನ ಹಾಗೆ. ನನ್ನ ಕಾರ್ಡಿಗೆ ಅಳತೆಯೇ ಇರಲಿಲ್ಲ. ಅದಕ್ಕೇ 23ನೆಯದು ಬಂದಾಗಲೂ ಜಾಸ್ತಿ ಅನ್ನಿಸಲಿಲ್ಲ, 139 ಆದಾಗಲೂ ಅನ್ನಿಸಲಿಲ್ಲ.

ಒಂದು ಮಾತು ಮಾತ್ರ ಜೋರಾಗಿ ಹೇಳಬೇಕು. ನನ್ನ ಮೊದಲ ಸೇಠ್ ಪಗಾರ ಕೇಳಿದಾಗಲೆಲ್ಲ "ಹುಡುಗಾ, ಇದ್ದದ್ದರಲ್ಲಿ ತೃಪ್ತಿ ಇರಬೇಕು" ಅನ್ನುತ್ತಿದ್ದ. ಆ ತೃಪ್ತಿ ಅವನ ಪೆಟ್ಟಿಗೆಗೆ ಹೋಗುತ್ತಿತ್ತು. ಅಳತೆ ಅವರವರೇ ಇಟ್ಟುಕೊಳ್ಳಬೇಕು. ಇನ್ನೊಬ್ಬರ ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಅನ್ನೋ ಅಧಿಕಾರ ಯಾರಿಗೂ ಇಲ್ಲ.

ಇನ್ನು ನಮ್ಮ ಸಂಘಗಳ ವಿಷಯ. ಜಾತಿ ಸಂಘ, ಕನ್ನಡ ಸಂಘ, ದೇವಸ್ಥಾನದ ಸಮಿತಿ, ಯಕ್ಷಗಾನ ಮಂಡಳಿ, ಎಲ್ಲದರಲ್ಲೂ ಅದೇ ಉಪಾಧ್ಯಕ್ಷರು. ವೇದಿಕೆ ಮೇಲೆಯೂ ಒಬ್ಬಿಬ್ಬರು ಇದ್ದಾರೆ, ಹೆಸರು ಹೇಳೋದಿಲ್ಲ. ನಾನೂ ನಾಲ್ಕರಲ್ಲಿ ಇದ್ದೆ. ಈಗ ಒಂದೇ. ಇಲ್ಲಿಗೆ ಬರುವಾಗಲೂ ಸ್ಲೋ ಲೋಕಲ್ ರೈಲು ಹಿಡಿದೆ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲೋದೇ ಇಲ್ಲ, ದಾದರಿಗೆ ಹೋಗಿ ತಿರುಗಿ ಬರಬೇಕು. ಹತ್ತು ನಿಮಿಷ ಉಳಿಸೋಕೆ ಎಷ್ಟು ವರ್ಷ ಹಾಗೆ ಹೋಗಿ ತಿರುಗಿ ಬಂದೆ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಹೋದ ವಾರ ನಮ್ಮ ಪಕ್ಕದ ಗಾಳಾ, ಅಂದರೆ ಅಂಗಡಿ ಜಾಗ, ಖಾಲಿಯಾಯಿತು. ಏಜೆಂಟ್ ಬಂದು "ಮಧ್ಯದ ಗೋಡೆ ಒಡೆದರೆ ಇನ್ನೂ ಎಂಟು ಟೇಬಲ್ ಸೇಠ್" ಅಂದ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮನಸ್ಸಿನಲ್ಲೇ ಟೇಬಲ್ ಹಾಕಿದೆ, ಫ್ಯಾನ್ ಎಲ್ಲಿ ಅಂತ ನೋಡಿದೆ, ಚೈನೀಸ್ ಒಲೆಗೆ ಮೂಲೆಯೂ ಸಿಕ್ಕಿತು. ನಾಳೆ ಹತ್ತಕ್ಕೆ ಅವನು ಮತ್ತೆ ಬರುತ್ತಾನೆ. ಮನೆಯವಳಿಗೆ ಹೇಳಿದೆ. ಅವಳು ಹೂವು ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ಬಂದವನಿಗೆ ಕಾಫಿ ಕೊಡಿ. ಕೀಲಿ ಕೊಟ್ಟರೆ ಮಾತ್ರ ತಗೊಳ್ಳಬೇಡಿ" ಅಂದಳು.