ಬಂಡಿ ರಸ್ತೆಯ ಮೇಲೆ, ಬಾಣ ಹೊಲದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರದುರ್ಗದಿಂದ ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟಿದ್ದೀರಿ ಅಂದುಕೊಳ್ಳಿ. ಗಾಡಿ ಓಡುತ್ತಿರುವುದು ಟಾರು ರಸ್ತೆಯ ಮೇಲೆ. ಜಿಪಿಎಸ್ ಪರದೆಯಲ್ಲಿ ಮಾತ್ರ ಬಾಣದ ಗುರುತು ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ ಸಾಗುತ್ತಿದೆ. ಭರಮಸಾಗರದ ಹತ್ತಿರ ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ಇಳಿದರೆ ತೊಂದರೆ ಇನ್ನೂ ಹೆಚ್ಚು. ಸಾಧನ "ಈಗ ಎಡಕ್ಕೆ ತಿರುಗಿ" ಅನ್ನುವ ಹೊತ್ತಿಗೆ ತಿರುವು ಹಿಂದಕ್ಕೆ ಹೋಗಿರುತ್ತದೆ. ಹಗಲಾದರೆ ಯಾರನ್ನಾದರೂ ಕೇಳಬಹುದು. ನಡುರಾತ್ರಿಯಲ್ಲಿ ಹೆರಿಗೆ ನೋವು ಬಂದವರನ್ನು ಕರೆತರಲು ಯಾವುದೋ ಹಟ್ಟಿಯ ಕಡೆ ಹೊರಟ ಗಾಡಿಗೆ ಐವತ್ತು ಮೀಟರಿನ ತಪ್ಪು ಸಣ್ಣದಲ್ಲ. ಈ ತಪ್ಪನ್ನು ನಾವೇ ಹುಡುಕಿ, ನಾವೇ ತಿದ್ದಬಹುದು. ಅದು ಹೇಗೆ ಎಂಬುದೇ ಇವತ್ತಿನ ಮಾತು.

ತಿದ್ದುವ ಮುಂಚೆ ತಪ್ಪು ಯಾರದು ಎಂದು ಗೊತ್ತಾಗಬೇಕು. ಪರದೆಯ ಮೇಲೆ ಕಾಣುವುದು ಎರಡು ಬೇರೆ ಬೇರೆ ಸಂಗತಿ. ಬಾಣದ ಗುರುತು ಎಂದರೆ ನಿಮ್ಮ ಸಾಧನ ಆ ಕ್ಷಣ ಲೆಕ್ಕ ಹಾಕಿದ ಜಾಗ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕಿದ ಮೇಲೆ ಈ ಲೆಕ್ಕ ಆಗುತ್ತದೆ. ರಸ್ತೆಯ ಗೆರೆ ಹಾಗಲ್ಲ, ಅದನ್ನು ಯಾರೋ ಯಾವತ್ತೋ ಎಳೆದಿದ್ದಾರೆ. ಬಾಣ ತಪ್ಪಿರಬಹುದು, ಗೆರೆ ತಪ್ಪಿರಬಹುದು, ಎರಡೂ ತಪ್ಪಿರಬಹುದು. ಬಾಣದ ತಪ್ಪಿಗೆ ಗೆರೆಯನ್ನು ಸರಿಸಿದರೆ ಸರಿಯಾಗಿದ್ದ ನಕ್ಷೆಯೂ ಕೆಡುತ್ತದೆ. ಬಹಳ ಕಡೆ ನಡೆಯುತ್ತಿರುವ ಅನಾಹುತ ಇದೇ.

ಪರೀಕ್ಷೆ ಸುಲಭ. ಮೇಲೆ ಮರ, ಪಕ್ಕದಲ್ಲಿ ಎತ್ತರದ ಕಟ್ಟಡ ಇಲ್ಲದ ಬಯಲಿನಲ್ಲಿ, ಎರಡು ರಸ್ತೆ ಕೂಡುವ ಜಾಗದಲ್ಲಿ ನಿಲ್ಲಿ. ಸಾಧನ ಬಹಳ ದಿನ ಬಂದ್ ಆಗಿದ್ದರೆ ಕಾಲು ಗಂಟೆ ಆಕಾಶಕ್ಕೆ ತೆರೆದಿಡಿ, ಏಕೆಂದರೆ ಯಾವ ಉಪಗ್ರಹ ಎಲ್ಲಿರುತ್ತದೆ ಎಂದು ಹೇಳುವ ಪಂಚಾಂಗ ಪೂರ್ತಿ ಇಳಿಯಲು 12 ನಿಮಿಷ 30 ಸೆಕೆಂಡು ಬೇಕು. ಆಮೇಲೆ ಬಾಣ ಗೆರೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ ಇದೆ ಎಂದು ಬರೆದುಕೊಳ್ಳಿ. ಐದಾರು ಕಿಲೋಮೀಟರ್ ದೂರದ ಇನ್ನೆರಡು ಕೂಡುರಸ್ತೆಗಳಲ್ಲಿ ಹೀಗೇ ಮಾಡಿ. ಮಾರನೇ ದಿನ ಬೇರೆ ಹೊತ್ತಿನಲ್ಲಿ ಮತ್ತೊಮ್ಮೆ ನೋಡಿ.

ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಸರಿದಿದ್ದರೆ ನಕ್ಷೆಯನ್ನು ಭೂಮಿಗೆ ಕೂರಿಸುವಾಗಲೇ ಎಡವಿದ್ದಾರೆ ಎಂದರ್ಥ. ಒಂದು ರಸ್ತೆ ಮಾತ್ರ ಸರಿದು ಉಳಿದವು ಸರಿ ಇದ್ದರೆ ಆ ಗೆರೆಯನ್ನು ಎಳೆದವರ ತಪ್ಪು. ದಿನಕ್ಕೊಂದು ಥರ ತೋರಿಸಿದರೆ ನಕ್ಷೆಯನ್ನು ಮುಟ್ಟಬೇಡಿ, ಅದು ಸಂಕೇತದ ದೋಷ. ದಾವಣಗೆರೆಯ ಮಂಡಿಪೇಟೆಯಂಥ ಇಕ್ಕಟ್ಟಿನ ಬೀದಿಯಲ್ಲಿ, ಚಿತ್ರದುರ್ಗದ ಕೋಟೆಯ ಬಂಡೆಗಳ ಸಂದಿಯಲ್ಲಿ ಸಂಕೇತ ಗೋಡೆಗೋ ಕಲ್ಲಿಗೋ ಬಡಿದು, ಸುತ್ತಿ ಬಂದು ಸೇರುತ್ತದೆ. ಬಂದ ದಾರಿ ಉದ್ದವಾದ್ದರಿಂದ ಲೆಕ್ಕವೂ ತಪ್ಪುತ್ತದೆ. ಬಯಲಿನಲ್ಲಿ ಐದು ಮೀಟರ್ ಆಚೀಚೆ ತೋರಿಸುವ ಫೋನು ಅಲ್ಲಿ ಮೂವತ್ತು ನಲವತ್ತು ಮೀಟರ್ ಜಿಗಿದರೆ ಆಶ್ಚರ್ಯವಿಲ್ಲ.

ಇನ್ನು ಸಾಧನದ ಒಳಗಿನ ಸೆಟ್ಟಿಂಗುಗಳು. ಅರ್ಧದಷ್ಟು ದೂರುಗಳು ಇಲ್ಲೇ ತೀರುತ್ತವೆ. ಗಾರ್ಮಿನ್ ಕಂಪನಿಯ ಜಿಪಿಎಸ್ ಸಾಧನಗಳಲ್ಲಿ ಎರಡು ನಕ್ಷೆಗಳನ್ನು ಒಟ್ಟಿಗೆ ಆನ್ ಮಾಡಿದ್ದರೆ ಒಂದೇ ರಸ್ತೆ ಪಕ್ಕಪಕ್ಕದಲ್ಲಿ ಎರಡು ಗೆರೆಯಾಗಿ ಕಾಣುತ್ತದೆ. ಹಳೆಯದನ್ನು ಆಫ್ ಮಾಡಿ. ಕಂಪನಿಯಿಂದ ಬರುವಾಗಲೇ ಇರುವ ಬೇಸ್ ಮ್ಯಾಪ್ ತೀರ ಒರಟು. ಅದು ಊರೂರಿಗೆ ದಾರಿ ಇದೆ ಎಂದು ತೋರಿಸಲಷ್ಟೇ ಸಾಕು, ಅದರಲ್ಲಿ ರಸ್ತೆ ಕೆಲವು ನೂರು ಮೀಟರ್ ಸರಿದಿರಬಹುದು. ಪರದೆಯ ಮೂಲೆಯಲ್ಲಿ ಓವರ್‌ಜೂಮ್ ಎಂದು ಬಂದರೆ ನಕ್ಷೆಗೆ ಇರುವ ನಿಖರತೆಗಿಂತ ಹೆಚ್ಚು ಹಿಗ್ಗಿಸಿ ನೋಡುತ್ತಿದ್ದೀರಿ, ಅಲ್ಲಿ ಕಾಣುವ ವ್ಯತ್ಯಾಸವನ್ನು ಅಳೆದು ಫಲವಿಲ್ಲ. ಲಾಕ್ ಆನ್ ರೋಡ್ ಎಂಬ ಆಯ್ಕೆಯನ್ನು ಪರೀಕ್ಷೆಯ ಹೊತ್ತಿನಲ್ಲಿ ತಪ್ಪದೆ ಆಫ್ ಮಾಡಬೇಕು. ಅದು ಆನ್ ಇದ್ದರೆ ಬಾಣವನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುತ್ತದೆ, ತಪ್ಪು ಮುಚ್ಚಿಹೋಗುತ್ತದೆ.

ಅಂಕಿಗಳನ್ನು ಬರೆಯುವ ರೀತಿಯೂ ದಾರಿ ತಪ್ಪಿಸುತ್ತದೆ. ದಾವಣಗೆರೆಯ ಅಕ್ಷಾಂಶ ಸುಮಾರು 14.46 ಡಿಗ್ರಿ. ಇದನ್ನೇ ಡಿಗ್ರಿ ಮತ್ತು ನಿಮಿಷದಲ್ಲಿ ಬರೆದರೆ 14 ಡಿಗ್ರಿ 27.6 ನಿಮಿಷ. ಯಾರಾದರೂ ಇದನ್ನು 14.276 ಎಂದು ಒತ್ತಿದರೆ ಜಾಗ ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರ್ ಸರಿಯಿತು. ದಶಮಾಂಶದ ಮೂರನೇ ಸ್ಥಾನದಲ್ಲಿ ಒಂದು ಬದಲಾದರೆ ನೆಲದಲ್ಲಿ ಸುಮಾರು 110 ಮೀಟರ್, ಐದನೇ ಸ್ಥಾನದಲ್ಲಿ ಒಂದು ಬದಲಾದರೆ ಒಂದು ಮೀಟರ್ ಚಿಲ್ಲರೆ. ಹಾಗಾಗಿ ಯಾವತ್ತೂ ಐದು ಸ್ಥಾನ ಬರೆದುಕೊಳ್ಳಿ.

ಇದರ ಜೊತೆಗೆ ಡೇಟಮ್ ಎಂಬುದೊಂದಿದೆ. ಭೂಮಿ ಪೂರ್ತಿ ಉಂಡೆಯಲ್ಲ, ಧ್ರುವಗಳಲ್ಲಿ ಸ್ವಲ್ಪ ಅದುಮಿದ ಆಕಾರ. ಆ ಆಕಾರವನ್ನು ಯಾವ ಅಳತೆಯಲ್ಲಿ ಹಿಡಿದಿದ್ದಾರೆ, ಎಲ್ಲಿಂದ ಎಣಿಸಿದ್ದಾರೆ ಎಂಬುದರ ಮೇಲೆ ಅಕ್ಷಾಂಶ ರೇಖಾಂಶ ಬದಲಾಗುತ್ತವೆ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು, ಎಂದರೆ ನೆಲದ ವಿವರದ ನಕ್ಷೆ ಹಾಳೆಗಳು, ಎವರೆಸ್ಟ್ ಎಂಬ ಹಳೆಯ ಡೇಟಮ್ ಲೆಕ್ಕದವು, ಜಿಪಿಎಸ್ ಕೆಲಸ ಮಾಡುವುದು ಡಬ್ಲ್ಯೂಜಿಎಸ್ 84 ಲೆಕ್ಕದಲ್ಲಿ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆಂದು ತಯಾರಾದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯೂಜಿಎಸ್ 84ರಲ್ಲೇ ಇವೆ. ಒಂದೇ ಅಂಕಿಯನ್ನು ಈ ಎರಡು ಲೆಕ್ಕದಲ್ಲಿ ಇಟ್ಟು ನೋಡಿದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಜಾಗಗಳು ನೂರು ಮೀಟರಿಗೂ ಹೆಚ್ಚು ದೂರ ಬೀಳುತ್ತವೆ. ಹಳೆಯ ಹಾಳೆಯಿಂದ ಅಂಕಿ ತೆಗೆದು ಹಾಕಿದಾಗ ಎಲ್ಲವೂ ಒಂದೇ ದಿಕ್ಕಿಗೆ ಸರಿದು ಕಾಣುವುದಕ್ಕೆ ಕಾರಣ ಸಾಮಾನ್ಯವಾಗಿ ಇದೇ. ಸಾಧನದ ಸೆಟಪ್‌ನಲ್ಲಿ ಪೊಸಿಷನ್ ಫಾರ್ಮ್ಯಾಟ್ ತೆರೆದು ಮ್ಯಾಪ್ ಡೇಟಮ್ ಏನಿದೆ ನೋಡಿ. ಹಳೆಯ ಹಾಳೆಗೆಂದು ಅದನ್ನು ಎವರೆಸ್ಟ್ ಲೆಕ್ಕಕ್ಕೆ ಬದಲಿಸಿದ್ದರೆ, ಕೆಲಸ ಮುಗಿದ ಕೂಡಲೇ ಡಬ್ಲ್ಯೂಜಿಎಸ್ 84ಕ್ಕೆ ಮರಳಿಸಿ.

ಈಗ ಗ್ರಾಮ ನಕಾಶೆಯ ವಿಷಯಕ್ಕೆ ಬರೋಣ. ನಮ್ಮ ಕಡೆ ಬಂಡಿದಾರಿ, ಕಾಲುದಾರಿ, ಕೆರೆ, ಹಳ್ಳ ಇವೆಲ್ಲ ಸರಿಯಾಗಿ ಸಿಗುವುದು ಇದರಲ್ಲೇ. ಅದನ್ನು ಸ್ಕ್ಯಾನ್ ಮಾಡಿ ಜಿಪಿಎಸ್‌ಗೆ ಹಾಕಿಕೊಳ್ಳುವ ಆಸೆ ಅನೇಕರಿಗಿದೆ, ಮಾಡಬೇಕಾದ ಕೆಲಸವೂ ಹೌದು. ಆದರೆ ಆ ನಕಾಶೆ ಸರಪಳಿ ಹಿಡಿದು ಅಳೆದದ್ದು, ಅದರಲ್ಲಿ ಅಕ್ಷಾಂಶ ರೇಖಾಂಶ ಇಲ್ಲ. ಸಾಮಾನ್ಯ ಪ್ರಮಾಣ 1:7920, ಎಂದರೆ ಹಾಳೆಯ ಒಂದು ಮಿಲಿಮೀಟರ್ ನೆಲದಲ್ಲಿ ಸುಮಾರು ಎಂಟು ಮೀಟರ್. ಮಡಿಕೆ ಬಿದ್ದ, ನೆನೆದು ಒಣಗಿದ ಹಾಳೆಯಾದರೆ ಎರಡು ಮೂರು ಮಿಲಿಮೀಟರ್ ಎಳೆದಾಡಿರುತ್ತದೆ. ಆದ್ದರಿಂದ ಚಪ್ಪಟೆಯಾಗಿಟ್ಟು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೋನಿನಲ್ಲಿ ಓರೆಯಾಗಿ ತೆಗೆದ ಫೋಟೋ ಬೇಡ.

ನಕಾಶೆಯಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಸಿಗುವ ಎಂಟು ಹತ್ತು ಗುರುತು ಆರಿಸಿಕೊಳ್ಳಿ: ಮೂರು ಊರಿನ ಗಡಿ ಕೂಡುವ ಕಲ್ಲು, ಕೆರೆ ಏರಿಯ ತೂಬು, ಹಳೆಯ ಗುಡಿ, ಬದಲಾಗದ ಕೂಡುದಾರಿ. ಮರ, ಬೇಲಿ, ಹಳ್ಳದ ದಂಡೆ ಬೇಡ, ಅವು ಇದ್ದಲ್ಲಿ ಇರುವುದಿಲ್ಲ. ನಾಲ್ಕು ಗುರುತು ಹಾಳೆಯ ನಾಲ್ಕು ಮೂಲೆಯ ಹತ್ತಿರ, ಉಳಿದವು ನಡುವೆ ಹರಡಿರಲಿ. ಪ್ರತಿ ಗುರುತಿನ ಬಳಿ ಎರಡು ಮೂರು ನಿಮಿಷ ನಿಂತು, ಸಾಧನದಲ್ಲಿ ಸರಾಸರಿ ತೆಗೆಯುವ ಆಯ್ಕೆ ಇದ್ದರೆ ಅದರಿಂದ ಜಾಗ ದಾಖಲಿಸಿ.

ಮನೆಗೆ ಬಂದು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ, ಚಿತ್ರವನ್ನು ಭೂಮಿಯ ಅಂಕಿಗಳಿಗೆ ಕೂರಿಸುವ ಜಿಯೋರೆಫರೆನ್ಸರ್ ತೆರೆಯಿರಿ. ಗುರುತುಗಳನ್ನು ಒಂದೊಂದಾಗಿ ಒತ್ತಿ ಅಂಕಿ ಕೊಡಿ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಎಂಬ ಲೆಕ್ಕದಲ್ಲಿ ನಮ್ಮ ಎರಡೂ ಜಿಲ್ಲೆಗಳು ವಲಯ 43 ಉತ್ತರದಲ್ಲಿ ಬರುತ್ತವೆ. ಚಿತ್ರವನ್ನು ಎಳೆದು ಹೊಂದಿಸುವ ಸೂತ್ರಕ್ಕೆ ಪಾಲಿನಾಮಿಯಲ್ ಎನ್ನುತ್ತಾರೆ, ದರ್ಜೆ ಹೆಚ್ಚಿದಷ್ಟೂ ಬಾಗಿಸುವುದು ಹೆಚ್ಚು. ಮೊದಲ ದರ್ಜೆಯ ಪಾಲಿನಾಮಿಯಲ್‌ಗೆ ಮೂರು ಗುರುತು ಸಾಕು, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಹತ್ತು. ಇಲ್ಲೊಂದು ಬಲೆ ಇದೆ. ಹತ್ತು ಗುರುತು ಕೊಟ್ಟು ಮೂರನೇ ದರ್ಜೆ ಆರಿಸಿದರೆ ದೋಷ ಸೊನ್ನೆ ಎಂದು ಬರುತ್ತದೆ, ನೋಡಿದವರಿಗೆ ಖುಷಿ. ಆದರೆ ಗುರುತುಗಳ ನಡುವೆ ನಕಾಶೆ ಹಪ್ಪಳದ ಹಾಗೆ ಸೊಟ್ಟಗಾಗಿರುತ್ತದೆ. ಮೊದಲ ದರ್ಜೆಯನ್ನೇ ಇಟ್ಟುಕೊಂಡು ಯಾವ ಗುರುತಿನ ದೋಷ ಉಳಿದವಕ್ಕಿಂತ ಬಹಳ ಹೆಚ್ಚಿದೆ ನೋಡಿ. ಅಲ್ಲಿ ತಪ್ಪು ಕಲ್ಲನ್ನು ಹಿಡಿದಿದ್ದೀರಿ ಅಥವಾ ಅಂಕಿ ಅದಲುಬದಲಾಗಿದೆ. ಹೊಲಕ್ಕೆ ಮತ್ತೊಮ್ಮೆ ಹೋಗಿ ನೋಡಿಬನ್ನಿ. ಉಳಿದ ದೋಷ ಹತ್ತು ಹದಿನೈದು ಮೀಟರಿನೊಳಗೆ ಬಂದರೆ ಸರಪಳಿ ಕಾಲದ ನಕಾಶೆಗೆ ಅದು ಒಳ್ಳೆಯ ಫಲಿತಾಂಶವೇ. ದಾರಿ ಹುಡುಕಲು ಇದು ಸಾಕು, ಗಡಿ ತಗಾದೆಗೆ ಮಾತ್ರ ಇದನ್ನು ಹಿಡಿದು ಹೋಗಬೇಡಿ.

ಗಾರ್ಮಿನ್ ಕೈಸಾಧನಕ್ಕೆ ಹಾಕುವುದಾದರೆ ಚಿತ್ರವನ್ನು 1024 ಚುಕ್ಕೆ ಉದ್ದ, 1024 ಚುಕ್ಕೆ ಅಗಲದ ಜೆಪೆಗ್ ತುಂಡುಗಳಾಗಿ ಮಾಡಿ, ಕೆಎಂಜೆಡ್ ಫೈಲಾಗಿ ಕಟ್ಟಿ, ಕಸ್ಟಮ್ ಮ್ಯಾಪ್ಸ್ ಎಂಬ ಫೋಲ್ಡರಿನಲ್ಲಿಡಬೇಕು.

ಒಂದೇ ರಸ್ತೆಯ ಗೆರೆ ತಪ್ಪಿದೆ ಎಂದು ಖಾತ್ರಿಯಾದರೆ ಅದನ್ನು ಮೂಲದಲ್ಲೇ ತಿದ್ದುವುದು ಒಳ್ಳೆಯದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಆಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಮುಂತಾದ ಆ್ಯಪ್‌ಗಳು ಅದರಿಂದಲೇ ನಡೆಯುತ್ತವೆ, ಗಾರ್ಮಿನ್‌ಗೂ ಅದರ ನಕ್ಷೆ ಸಿಗುತ್ತದೆ. ತಿದ್ದಲು ಮೊದಲು ಜಾಡು, ಎಂದರೆ ಗಾಡಿ ಹೋದ ದಾರಿಯ ಜಿಪಿಎಸ್ ದಾಖಲೆ, ಬೇಕು. ಸಾಧನವನ್ನು ಡ್ಯಾಶ್‌ಬೋರ್ಡಿನ ಮೇಲೆ ಆಕಾಶ ಕಾಣುವ ಹಾಗಿಟ್ಟು, ಸೆಕೆಂಡಿಗೊಂದು ಬಿಂದು ದಾಖಲಾಗುವಂತೆ ಮಾಡಿ. ಫೋನಾದರೆ ಬ್ಯಾಟರಿ ಉಳಿಸುವ ಆಯ್ಕೆ ಆಫ್ ಇರಲಿ, ಇಲ್ಲದಿದ್ದರೆ ಜಾಡು ನಡುನಡುವೆ ಕಡಿಯುತ್ತದೆ. ಹೋಗುವಾಗಲೂ ಬರುವಾಗಲೂ ದಾಖಲಿಸಿ. ನಾವು ಎಡಗಡೆ ಗಾಡಿ ಓಡಿಸುವುದರಿಂದ ಎರಡು ಜಾಡುಗಳ ನಡುವೆ ಮೂರು ನಾಲ್ಕು ಮೀಟರ್ ಅಂತರವಿರುತ್ತದೆ, ರಸ್ತೆಯ ನಡುಗೆರೆ ಅವೆರಡರ ಮಧ್ಯೆ. ಒಂದೇ ಜಾಡು ನಂಬಬೇಡಿ, ಬೇರೆ ಬೇರೆ ದಿನದ ಮೂರು ನಾಲ್ಕಾದರೂ ಇರಲಿ. ಹಳೆಯ ಕೈಸಾಧನಗಳು ಜಾಡನ್ನು ಸೇವ್ ಮಾಡುವಾಗ ಬಿಂದುಗಳನ್ನು ಕಡಿಮೆ ಮಾಡಿ ಸಮಯವನ್ನೂ ಅಳಿಸಿಬಿಡುತ್ತವೆ. ಸೇವ್ ಮಾಡದೆ ಚಾಲ್ತಿ ಜಾಡನ್ನೇ ಜಿಪಿಎಕ್ಸ್ ಎಂಬ ಬಗೆಯ ಫೈಲಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ತಿದ್ದುವಾಗ ಹಿಂದೆ ಉಪಗ್ರಹ ಚಿತ್ರ ಕಾಣುತ್ತದೆ. ಅದನ್ನು ಕಣ್ಣುಮುಚ್ಚಿ ನಂಬಿದವರೇ ಹೆಚ್ಚು ರಸ್ತೆಗಳನ್ನು ಕೆಡಿಸಿದ್ದಾರೆ. ಚಿತ್ರವನ್ನು ಓರೆಯಿಂದ ತೆಗೆದಿರುತ್ತಾರೆ, ಗುಡ್ಡದ ನೆತ್ತಿ ಒಂದು ಕಡೆ ವಾಲಿದಂತೆ ಬೀಳುತ್ತದೆ. ಹರಿಹರದ ಗದ್ದೆ ಬಯಲಿನಲ್ಲಿ ಒಂದು ಸಲ ಸರಿಹೊಂದಿಸಿದರೆ ಬಹಳ ದೂರ ನಡೆಯುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಬುಡದಲ್ಲಿ ಹೊಂದಿದ್ದು ಮೇಲೆ ಹೊಂದುವುದಿಲ್ಲ. ಆದ್ದರಿಂದ ಮೊದಲು ಜಾಡುಗಳಿಗೆ ಸರಿಯಾಗಿ ಚಿತ್ರವನ್ನು ಸರಿಸಿ, ಆಮೇಲೆ ಚಿತ್ರಕ್ಕೆ ಸರಿಯಾಗಿ ಗೆರೆಯನ್ನು ಸರಿಸಿ. ನಕ್ಷೆ ತಿದ್ದುವ ಐಡಿ ಎಂಬ ಸಂಪಾದಕ ತಂತ್ರಾಂಶದಲ್ಲಿ ಬ್ಯಾಕ್‌ಗ್ರೌಂಡ್ ಸೆಟ್ಟಿಂಗಿನ ಕೆಳಗೆ ಚಿತ್ರ ಸರಿಸುವ ಆಯ್ಕೆ ಇದೆ. ಜೋಸ್ಮ್ ಎಂಬ ಇನ್ನೊಂದು ಸಂಪಾದಕವನ್ನು ಬಳಸುವವರು ಡಬ್ಲ್ಯೂ ಕೀಲಿ ಒತ್ತಿದರೆ ಬಿಂದುಗಳನ್ನು ಒಂದೊಂದಾಗಿ ಸರಿಸುತ್ತ ಹೋಗಬಹುದು.

ಹಳೆಯ ಗೆರೆ ಅಳಿಸಿ ಹೊಸದು ಎಳೆಯಬೇಡಿ. ಅದಕ್ಕೆ ಅಂಟಿದ ಹೆಸರು, ತಿರುವಿನ ನಿಷೇಧ, ಹಿಂದೆ ಕೆಲಸ ಮಾಡಿದವರ ಇತಿಹಾಸ ಎಲ್ಲ ಹೋಗುತ್ತದೆ. ಕೂಡುರಸ್ತೆಯ ಬಿಂದುವನ್ನು ಸರಿಸಿದರೆ ಅಡ್ಡರಸ್ತೆಯೂ ಎಳೆದುಕೊಂಡು ಬರುತ್ತದೆ, ಅದನ್ನೂ ನೋಡಿಕೊಳ್ಳಿ. ಆ ಬಿಂದು ಬಿಡಿಸಿಹೋದರೆ ಕಣ್ಣಿಗೆ ರಸ್ತೆಗಳು ತಾಗಿದಂತೆ ಕಂಡರೂ ಸಾಧನಕ್ಕೆ ಅಲ್ಲಿ ದಾರಿಯೇ ಇಲ್ಲ. ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡುವುದಕ್ಕೆ ಅನುಮತಿ ಇಲ್ಲ. ಗೆರೆ ಸರಿಪಡಿಸುವಾಗಲೇ ಹಟ್ಟಿಯ ಹೆಸರನ್ನು ಕನ್ನಡದಲ್ಲೂ ಬರೆದುಬಿಡಿ. ನಮ್ಮ ಹಟ್ಟಿಗಳ ಹೆಸರನ್ನು ನಾವಲ್ಲದೆ ಬೇರೆ ಯಾರು ಸರಿಯಾಗಿ ಬರೆದಾರು?

ಹೆದ್ದಾರಿ 48ರ ಸರ್ವಿಸ್ ರಸ್ತೆಗಳದು ಬೇರೆಯೇ ಕಥೆ. ಮುಖ್ಯ ರಸ್ತೆಗೂ ಸರ್ವಿಸ್ ರಸ್ತೆಗೂ ಅಂತರ ಕೆಲವೇ ಮೀಟರ್. ಬಾಣ ಯಾವುದರ ಮೇಲಿದೆ ಎಂದು ಸಾಧನಕ್ಕೇ ಗೊಂದಲ. ಇಲ್ಲಿ ಗೆರೆಗಳನ್ನು ದೂರ ತಳ್ಳಿ ಪ್ರಯೋಜನವಿಲ್ಲ. ಹೆದ್ದಾರಿಯಿಂದ ಇಳಿಯುವ, ಹತ್ತುವ ತೆರಪು ನೆಲದಲ್ಲಿ ಎಲ್ಲಿದೆಯೋ ನಕ್ಷೆಯಲ್ಲೂ ಅಲ್ಲೇ ಕೂಡಬೇಕು. ತೆರಪು ಇನ್ನೂರು ಮೀಟರ್ ಮುಂದೆ ಬರೆದಿದ್ದರೆ ಸಾಧನ ನಿಜವಾದ ತೆರಪನ್ನು ದಾಟಿಸಿ, ಮುಂದಿನ ಅಂಡರ್‌ಪಾಸ್‌ವರೆಗೆ ಕರೆದೊಯ್ಯುತ್ತದೆ. ಡಿವೈಡರಿನ ಎರಡೂ ಬದಿಯ ಗೆರೆಗಳಿಗೆ ಏಕಮುಖದ ದಿಕ್ಕು ಸರಿಯಾಗಿದೆಯೇ ಎಂದು ಬಾಣದ ಗುರುತು ನೋಡಿ ಖಾತ್ರಿ ಮಾಡಿಕೊಳ್ಳಿ. ಇದರಲ್ಲಿ ತಪ್ಪಿದರೆ ಜನ ಎದುರುಗಡೆಯಿಂದ ಬರುವ ಲಾರಿಗೆ ಮುಖಾಮುಖಿಯಾಗುತ್ತಾರೆ.

ಅಪ್‌ಲೋಡ್ ಮಾಡಿದ ತಿದ್ದುಪಡಿ ಜಾಲತಾಣದಲ್ಲಿ ಬೇಗ ಕಾಣುತ್ತದೆ, ಆದರೆ ಸಾಧನದಲ್ಲಿ ಅಂದೇ ಹುಡುಕಬೇಡಿ. ಆಸ್ಮ್ಯಾಂಡ್‌ನ ಸಾಮಾನ್ಯ ನಕ್ಷೆ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಗಾರ್ಮಿನ್‌ಗೆ ನಿಮ್ಮ ತಿದ್ದುಪಡಿಯ ನಂತರ ತಯಾರಾದ ಫೈಲೇ ಬೇಕು. ಅದರ ಹೆಸರು ಜಿ, ಎಂ, ಎ, ಪಿ, ಎಸ್, ಯು, ಪಿ, ಪಿ, ಚುಕ್ಕೆ, ಐ, ಎಂ, ಜಿ. ಮೆಮೊರಿ ಕಾರ್ಡಿನಲ್ಲಿ ಗಾರ್ಮಿನ್ ಎಂಬ ಫೋಲ್ಡರಿನೊಳಗೆ ಅದನ್ನು ಇಡಬೇಕು. ಅದೇ ಹೆಸರಿನ ಹಳೆಯ ಫೈಲು ಇದ್ದರೆ ಮೊದಲು ಕಂಪ್ಯೂಟರಿಗೆ ನಕಲು ಮಾಡಿ, ಹೆಸರಿನ ಮುಂದೆ ತಾರೀಖು ಸೇರಿಸಿಡಿ. ಆಮೇಲೆ ಲಾಕ್ ಆನ್ ರೋಡ್ ಆಫ್ ಇಟ್ಟುಕೊಂಡೇ ಅದೇ ರಸ್ತೆಯಲ್ಲಿ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಗಾಡಿ ಓಡಿಸಿ. ಬಾಣ ಎರಡೂ ಸಲ ಗೆರೆಯಿಂದ ಐದು ಮೀಟರಿನೊಳಗೆ ಬಂದರೆ ಆ ರಸ್ತೆಯ ಕೆಲಸ ಮುಗಿಯಿತು. ಲಾಕನ್ನು ಮತ್ತೆ ಆನ್ ಮಾಡಿಕೊಳ್ಳಿ.

ನಮಸ್ಕಾರ.