ನೆರೆಯವರ ನೋಟು, ನಮ್ಮ ರೂಪಾಯಿ

ಎಲ್ಲರಿಗೂ ನಮಸ್ಕಾರ.

ಮೊಬೈಲ್ ತೆರೆದರೆ ಸಾಕು, ಒಂದು ವಿಡಿಯೊ ಬರುತ್ತದೆ: ನಮ್ಮ ರೂಪಾಯಿಗೆ ಭಾರಿ ಬೆಲೆ ಇರುವ ದೇಶಗಳು ಅಂತ. ನಮ್ಮ ನೂರು ಕೊಟ್ಟರೆ ನೇಪಾಳದ ನೂರ ಅರವತ್ತು, ಶ್ರೀಲಂಕಾದ ಮುನ್ನೂರಕ್ಕೂ ಜಾಸ್ತಿ. ಕೆಳಗೆ ಕಾಮೆಂಟು: ಪಾಪ, ಬಡ ದೇಶ! ಸ್ವಾಮಿ, ನಮ್ಮ ಒಂದು ರೂಪಾಯಿಗೆ ಒಂದಕ್ಕಿಂತ ಜಾಸ್ತಿ ಜಪಾನಿ ಯೆನ್ ಸಿಗುತ್ತದೆ. ಜಪಾನಿಗೂ ಪಾಪ ಅನ್ನೋಣವೇ?

ದರ ಬರೀ ಒಂದು ಅಂಕಿ. ಹೊರಗಿನಿಂದ ತರುವ ಸಾಮಾನಿಗೆ ಕೊಡುವ ದುಡ್ಡು ಆ ದೇಶಕ್ಕೆ ಎಲ್ಲಿಂದ ಬರುತ್ತದೆ? ಕೇಳಬೇಕಾದ್ದು ಇದನ್ನು. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಭೂತಾನ್ ನೋಡಿ. 1974ರಲ್ಲಿ ನುಲ್ಟ್ರಮ್ ಅನ್ನುವ ತನ್ನದೇ ಹಣ ತಂದಿತು. ಅದು ನಮ್ಮ ರೂಪಾಯಿಗೆ ಸರಿಸಮ. ನಮ್ಮ ರೂಪಾಯಿಯೂ ಅಲ್ಲಿ ನಡೆಯುತ್ತದೆ. ಕಾಮೆಂಟಿನವರ ಲೆಕ್ಕದಲ್ಲಿ ಭೂತಾನ್ ನಮ್ಮಷ್ಟೇ ಗಟ್ಟಿ, ಅಲ್ವಾ? ಆದರೆ 2012ರಲ್ಲಿ ಆ ದೇಶದಲ್ಲಿ ರೂಪಾಯಿಯೇ ಸಿಗದಂತಾಯಿತು. ಆಗಿದ್ದು ಇಷ್ಟು. ಜಲವಿದ್ಯುತ್ ಯೋಜನೆಗಳ ಕೆಲಸ ಜೋರಾಗಿತ್ತು. ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಜನ ಮನೆ ಕಟ್ಟಿಸಿದರು, ಕಾರು ಕೊಂಡರು. ಸಾಲ ಕೊಟ್ಟದ್ದು ನುಲ್ಟ್ರಮ್‌ನಲ್ಲಿ. ಆದರೆ ಕಬ್ಬಿಣ, ಕಾರು, ಡೀಸೆಲ್, ಅಕ್ಕಿ, ತರಕಾರಿ ಎಲ್ಲ ಬರುವುದು ಭಾರತದಿಂದ, ರೂಪಾಯಿ ಕೊಟ್ಟು! ನುಲ್ಟ್ರಮ್ ಹೊರಡಿಸುವುದು ಅವರ ರಾಜಧಾನಿ ಥಿಂಪು ಕೈಯಲ್ಲಿದೆ. ರೂಪಾಯಿ ಹೊರಡಿಸುವುದು ನಮ್ಮ ರಿಸರ್ವ್ ಬ್ಯಾಂಕ್ ಕೈಯಲ್ಲಿ. ಅಲ್ಲಿನ ಕೇಂದ್ರ ಬ್ಯಾಂಕ್ ಭಾರತದ ಬ್ಯಾಂಕುಗಳಿಂದ ಬಡ್ಡಿಗೆ ಸಾಲ ತಂದಿತು. 2011ರ ಕೊನೆಗೆ ತನ್ನ ಬಳಿಯಿದ್ದ 20 ಕೋಟಿ ಡಾಲರ್ ಮಾರಿ ರೂಪಾಯಿ ಕೊಂಡಿತು. ತಮಾಷೆ ಗಮನಿಸಿ. ನಾವೆಲ್ಲ ಡಾಲರ್‌ಗೆ ಬಾಯಿಬಿಡುತ್ತೇವೆ. ಅವರ ಹತ್ತಿರ ಡಾಲರ್ ಇತ್ತು, ರೂಪಾಯಿ ಇರಲಿಲ್ಲ. ಕೊನೆಗೆ ಕಾರು ತರುವುದನ್ನೇ ನಿಲ್ಲಿಸಿದರು. ಆ ನಿಷೇಧ ತೆಗೆದದ್ದು 2014ರಲ್ಲಿ. ಅಷ್ಟೂ ದಿನ ದರ ಮಾತ್ರ ಒಂದಕ್ಕೆ ಒಂದು. ಒಂದು ಪೈಸೆ ಅಲುಗಲಿಲ್ಲ.

ನೇಪಾಳದ್ದು ಇನ್ನೊಂದು ಥರ. 1966ರ ಜೂನ್‌ನಲ್ಲಿ ನಾವು ರೂಪಾಯಿಯ ಬೆಲೆ ಇಳಿಸಿದೆವು. ನೇಪಾಳ ಇಳಿಸಲಿಲ್ಲ. ಕೆಲಕಾಲ ಎರಡೂ ರೂಪಾಯಿ ಹೆಚ್ಚುಕಡಿಮೆ ಸಮ ಇದ್ದವು. ಆ ವರ್ಷ ನೇಪಾಳ ದಿಢೀರ್ ಶ್ರೀಮಂತವಾಯಿತೇ? ಮರುವರ್ಷ ಅವರೂ ಇಳಿಸಿದರು. 1993ರಿಂದ 100ಕ್ಕೆ 160 ಅಂತ ಕಟ್ಟಿಬಿಟ್ಟಿದ್ದಾರೆ. ಆ ಗಂಟು ಬಿಗಿಯಾಗಿ ನಿಂತಿರುವುದಕ್ಕೆ ದೊಡ್ಡ ಕಾರಣ ಹೊರಗೆ ದುಡಿಯುವ ನೇಪಾಳಿಗಳು. ಕತಾರ್‌ನಲ್ಲಿ ಒಬ್ಬ ಹುಡುಗ ಬಿಸಿಲಲ್ಲಿ ಬೆವರು ಸುರಿಸುತ್ತಾನೆ. ಅವನ ದುಡಿಮೆ ನೇಪಾಳಕ್ಕೆ ಡಾಲರ್ ಆಗಿ ಬರುತ್ತದೆ. ಅಲ್ಲಿನ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕ್ ಡಾಲರ್ ಮಾರಿ ನಮ್ಮ ರೂಪಾಯಿ ಕೊಳ್ಳುತ್ತದೆ. ಆ ರೂಪಾಯಿ ಬಿಹಾರದ ಗಡಿ ಊರು ರಕ್ಸೌಲ್ ಕಡೆಯಿಂದ ಹೋಗುವ ಡೀಸೆಲ್ಲಿಗೆ ಸಲ್ಲುತ್ತದೆ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಎದ್ದಿರುವವನೂ ಈ ಲೆಕ್ಕದಲ್ಲಿ ಸೇರಿದ್ದಾನೆ. ಅವನು ನೇರವಾಗಿ ರೂಪಾಯಿಯನ್ನೇ ಕಳಿಸುತ್ತಾನೆ. 2016ರ ನವೆಂಬರಿನಲ್ಲಿ ನಾವು 500, 1000ದ ನೋಟು ರದ್ದು ಮಾಡಿದಾಗ ನೇಪಾಳದ ಮನೆಗಳಲ್ಲಿ, ಬ್ಯಾಂಕುಗಳಲ್ಲಿದ್ದ ನೋಟುಗಳೂ ರದ್ದಿಯಾದವು. ನಮಗಾದರೂ ಕ್ಯೂ ಇತ್ತು. ಅವರಿಗೆ ಅದೂ ಇರಲಿಲ್ಲ.

ಚೀಟಿ ಬಂತು, ಐದು ನಿಮಿಷವಂತೆ. ಭೂತಾನಿನಲ್ಲಿ ಜಾಸ್ತಿ ಹೊತ್ತು ಕೂತುಬಿಟ್ಟೆ ಅನ್ನಿಸುತ್ತದೆ.

ಶ್ರೀಲಂಕಾ ಬೇಗ ಹೇಳುತ್ತೇನೆ. 2019ರಲ್ಲಿ ತೆರಿಗೆ ಇಳಿಸಿದರು. ಕೋವಿಡ್ ಬಂದು ಪ್ರವಾಸಿಗರು ನಿಂತರು. 2021ರಲ್ಲಿ ರಾಸಾಯನಿಕ ಗೊಬ್ಬರ ತರಿಸುವುದನ್ನು ನಿಲ್ಲಿಸಿ ಬೆಳೆಯೂ ಕೆಟ್ಟಿತು. ಆದರೂ ಡಾಲರಿಗೆ ಸುಮಾರು 200 ಅಂತ ದರವನ್ನು ಹಿಡಿದೇ ಕೂತರು. ದರ ಭದ್ರ, ಖಜಾನೆ ಖಾಲಿ! 2022ರ ಮಾರ್ಚ್‌ನಲ್ಲಿ ಕೈಬಿಟ್ಟರು. ಎರಡೇ ತಿಂಗಳಲ್ಲಿ 350 ದಾಟಿತು. ಏಪ್ರಿಲ್‌ನಲ್ಲೇ ಹೊರಗಿನ ಸಾಲ ಕಟ್ಟಲಾಗದು ಎಂದು ಘೋಷಿಸಿದ್ದರು. ಅದೇ ಪ್ರಶ್ನೆ ನೋಡಿ, ದುಡ್ಡು ಎಲ್ಲಿಂದ ಬರಬೇಕು?

ಮಾಲ್ಡೀವ್ಸ್ ಬಗ್ಗೆ ಎರಡು ಪುಟ ಬರೆದು ತಂದಿದ್ದೆ. ಅವರಿಗೆ ಡಾಲರ್ ತರುವುದು ಪ್ರವಾಸಿಗರು. ಆದರೂ ಸಾಲದೆ 2024ರಲ್ಲಿ ನಮ್ಮ ಜೊತೆ ಕರೆನ್ಸಿ ವಿನಿಮಯ ಒಪ್ಪಂದ ಮಾಡಿಕೊಂಡರು, ಅಂದರೆ ಬೇಕಾದಾಗ ನಮ್ಮಿಂದ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿವರೆಗೆ ಪಡೆಯುವ ಏರ್ಪಾಡು. ಉಳಿದದ್ದು ಪ್ರಶ್ನೆ ಬಂದರೆ ಹೇಳುತ್ತೇನೆ. ಮೈಕ್ ಹಿಂದಿನ ಸಾಲಿಗೆ ಕೊಡಿ, ಅಲ್ಲಿ ಯಾರೋ ಆಗಲೇ ಕೈ ಎತ್ತಿದ್ದಾರೆ.