ಹಾಜರಿ ಪುಸ್ತಕದ ಕೆಂಪು ಗೆರೆ: ವೀಕ್ಷಣಾಲಯದಿಂದ ಶಾಲೆಗೆ ಮರಳುವ ದಾರಿ

(ತೆರೆಯ ಮೇಲೆ: ಶಾಲೆಯ ಹಾಜರಿ ಪುಸ್ತಕದ ಒಂದು ಪುಟ. ಕ್ರಮಸಂಖ್ಯೆ 23ರ ಎದುರು ಸಾಲಾಗಿ ಗೈರುಹಾಜರಿಯ ಗುರುತುಗಳು. ಕೊನೆಗೆ ಹೆಸರಿನ ಮೇಲೆಯೇ ಕೆಂಪು ಶಾಯಿಯ ಅಡ್ಡಗೆರೆ.)

ನಮಸ್ಕಾರ. ಈ ಪುಟವನ್ನು ನಾವೇ ಬರೆದು ಚಿತ್ರೀಕರಿಸಿದ್ದೇವೆ, ಇದು ಯಾವ ಮಗುವಿನದೂ ಅಲ್ಲ. ಆದರೆ ಇಂಥ ಗೆರೆ ನಿಮ್ಮೂರಿನ ಪ್ರೌಢಶಾಲೆಯ ಹಾಜರಿ ಪುಸ್ತಕದಲ್ಲೂ ಸಿಕ್ಕೀತು. ಮನೆಯವರು ಗುಳೆ ಹೋದರು, ಹುಡುಗ ಗ್ಯಾರೇಜು ಸೇರಿದ, ಹುಡುಗಿಗೆ ಮದುವೆ ಮಾಡಿಬಿಟ್ಟರು, ಹೀಗೆ ಗೆರೆ ಬೀಳಲು ನೂರೆಂಟು ಕಾರಣ. ಇವತ್ತು ನಾನು ಮಾತನಾಡುವುದು, ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣದ ಬಗ್ಗೆ: ಹುಡುಗನನ್ನು ಪೊಲೀಸರು ಕರೆದೊಯ್ದಿದ್ದಾರೆ, ಅವನೀಗ ವೀಕ್ಷಣಾಲಯದಲ್ಲಿದ್ದಾನೆ.

ವೀಕ್ಷಣಾಲಯ ಎಂದರೆ ಹಲವರು ಹುಬ್ಬೇರಿಸುತ್ತಾರೆ. ರಿಮ್ಯಾಂಡ್ ಹೋಮ್ ಎಂದ ಕೂಡಲೇ ತಲೆಯಾಡಿಸುತ್ತಾರೆ. ಹದಿನೆಂಟು ತುಂಬದ ಮಗುವಿನ ಮೇಲೆ ಅಪರಾಧದ ಆರೋಪ ಬಂದು, ವಿಚಾರಣೆ ಮುಗಿಯುವವರೆಗೆ ಜಾಮೀನು ಸಿಗದಿದ್ದರೆ ಇರಿಸುವ ಜಾಗ ಅದು. ಕಾನೂನು ಅವರನ್ನು ಆರೋಪಿ ಎಂದು ಕರೆಯುವುದಿಲ್ಲ. ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಉಸಿರು ಕಟ್ಟಿಸುವಷ್ಟು ಉದ್ದದ ಹೆಸರು, ಒಪ್ಪುತ್ತೇನೆ. ಆದರೂ ಅದರ ಕೊನೆಯ ಪದ ‘ಮಗು’ ಎಂಬುದನ್ನು ಗಮನಿಸಿ.

(ನಿರೂಪಕ ಕ್ಯಾಮೆರಾದ ಎದುರು)

ಕೆಲವು ವರ್ಷ ನಾನು ಇಂಥ ಒಂದು ವೀಕ್ಷಣಾಲಯಕ್ಕೆ ಭಾನುವಾರಗಳಂದು ಗಣಿತ ಹೇಳಿಕೊಡಲು ಹೋಗುತ್ತಿದ್ದೆ. ಒಂದು ಕೋಣೆ, ಒಂದು ಕರಿಹಲಗೆ, ಹದಿನೈದಿಪ್ಪತ್ತು ಹುಡುಗರು. ಒಬ್ಬ ಐದನೆಯ ತರಗತಿಗೇ ಶಾಲೆ ಬಿಟ್ಟವನು, ಏಳರ ಮಗ್ಗಿ ಬಾರದು. ಅವನಿಗೆ ತೊಡೆ ತಾಗಿಸಿಕೊಂಡು ಕುಳಿತವನು ಹತ್ತನೆಯ ತರಗತಿ, ಸಮಾಂತರ ಶ್ರೇಢಿಯ ಲೆಕ್ಕ ಬಿಡಿಸುತ್ತಾನೆ. ಇಬ್ಬರಿಗೂ ಒಟ್ಟಿಗೆ ಯಾವ ಪಾಠ ಮಾಡುವುದು? ನಾನು ಮಾಡಿದ್ದನ್ನು ಪಾಠ ಎನ್ನಲು ನನಗೇ ಸಂಕೋಚ. ಆ ಹತ್ತನೆಯ ತರಗತಿಯ ಹುಡುಗ ವಾರವಾರವೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಸಾರ್, ಹೊರಗೆ ಎಷ್ಟನೆಯ ಪಾಠ ನಡೆಯುತ್ತಿದೆ?’ ಒಮ್ಮೆ ಮಾತ್ರ, ಪುಸ್ತಕ ಮಡಚುತ್ತಾ, ‘ನನ್ನ ಜಾಗದಲ್ಲಿ ಯಾರನ್ನಾದರೂ ಕೂರಿಸಿದ್ದಾರಾ?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವನ ಶಾಲೆ ಯಾವುದೆಂದೇ ನಾನು ವಿಚಾರಿಸಿರಲಿಲ್ಲ.

ಅಲ್ಲಿಯವರೆಗೆ ನನ್ನ ಲೆಕ್ಕಾಚಾರ ಬೇರೆಯಿತ್ತು. ಒಳಗೆ ಒಳ್ಳೆಯ ತರಗತಿ ಕೋಣೆ ಬೇಕು, ಬೆಂಚು ಬೇಕು, ಕಂಪ್ಯೂಟರ್ ಬೇಕು ಎಂದುಕೊಂಡಿದ್ದೆ. ದಾನಿಗಳಿಗೂ ಕಂಪ್ಯೂಟರ್ ಎಂದರೆ ಇಷ್ಟ, ಫೋಟೊದಲ್ಲಿ ಚೆನ್ನಾಗಿ ಬರುತ್ತದೆ. ಅವು ಬೇಡವೆಂದಲ್ಲ. ಆದರೆ ಓದು ತಪ್ಪುವುದು ಒಳಗಿನ ಕೋಣೆಯಲ್ಲಿ ಅಲ್ಲವೇ ಅಲ್ಲ. ಅದು ತಪ್ಪುವುದು ಹತ್ತಾರು ಕಿಲೋಮೀಟರ್ ಆಚೆ, ಹುಡುಗನ ಸ್ವಂತ ಶಾಲೆಯ ಹಾಜರಿ ಪುಸ್ತಕದಲ್ಲಿ. ಏಕೆ ಎಂದು ಹೇಳುತ್ತೇನೆ.

(ತೆರೆಯ ಮೇಲೆ: 24 ಗಂಟೆ, 15 ದಿನ, 4 ತಿಂಗಳು)

ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯ್ದೆ, 2016ರ ಜನವರಿ 15ರಿಂದ. ಅದರ ಪ್ರಕಾರ ಹಿಡಿದ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಕಳುಹಿಸುವಂತಿಲ್ಲ. 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುವ ಮಂಡಳಿ ಅದು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, 15 ದಿನಗಳಲ್ಲಿ ಹುಡುಗನ ಮನೆ, ಊರು, ಓದಿನ ಬಗ್ಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ತಪ್ಪಿದರೆ ಇನ್ನೆರಡು ತಿಂಗಳು. ಸಣ್ಣಪುಟ್ಟ ಅಪರಾಧವಾಗಿದ್ದು ಆಗಲೂ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ.

ಅಂದರೆ ವೀಕ್ಷಣಾಲಯ ವಾಸವನ್ನು ಕಾನೂನು ಚಿಕ್ಕದೆಂದೇ ಊಹಿಸಿಕೊಂಡಿದೆ: ಕೆಲವು ದಿನ, ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಅಷ್ಟರಲ್ಲಿ ಒಳಗೊಂದು ಶಾಲೆ ಕಟ್ಟಿ ಪಠ್ಯ ಮುಗಿಸಲು ಆಗುವುದಿಲ್ಲ. ಆದರೆ ಹೊರಗಿನ ಶಾಲೆಯನ್ನು ಕಳೆದುಕೊಳ್ಳಲು ಅಷ್ಟೇ ಸಾಕು.

ಎಸ್ಸೆಸ್ಸೆಲ್ಸಿಯ ಲೆಕ್ಕವನ್ನೇ ನೋಡಿ. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಲ್ಲಿ ನೂರಕ್ಕೆ ಇಪ್ಪತ್ತು ಅಂಕ ಆಂತರಿಕ ಮೌಲ್ಯಮಾಪನದ್ದು, ಅದನ್ನು ಕೊಡುವುದು ಶಾಲೆ. ದಸರಾ ರಜೆ ಮುಗಿದು ಮಕ್ಕಳು ಮರಳುವ ಹೊತ್ತಿಗೆ ಒಬ್ಬ ಹುಡುಗ ಒಳಗೆ ಹೋದ ಎಂದಿಟ್ಟುಕೊಳ್ಳಿ. ಪರೀಕ್ಷೆಗೆ ಹೆಸರು ನೋಂದಾಯಿಸುವ ಕಾಲವೂ ಅದೇ. ಎರಡೂವರೆ ತಿಂಗಳಾದ ಮೇಲೆ, ಸಂಕ್ರಾಂತಿಯ ಆಸುಪಾಸಿಗೆ ಅವನು ಮನೆಗೆ ಬರುತ್ತಾನೆ. ಅವನ ಮೇಲಿನ ಆರೋಪ ನಾಳೆ ಸುಳ್ಳೆಂದೇ ಸಾಬೀತಾಗಲಿ, ಹಾಜರಿ ಪುಸ್ತಕ ಅವನಿಗೆ ಆಗಲೇ ಒಂದು ವರ್ಷದ ಶಿಕ್ಷೆ ಕೊಟ್ಟಾಗಿದೆ. ಮಂಡಳಿಗೆ ಕೊಡಲು ಮನಸ್ಸಿರದಿದ್ದ ಶಿಕ್ಷೆ.

(ತೆರೆಯ ಮೇಲೆ: ಶಾಲಾ ದಾಖಲಾತಿ ಪುಸ್ತಕದ ‘ಜನ್ಮ ದಿನಾಂಕ’ ಅಂಕಣ, ಹತ್ತಿರದಿಂದ)

ಈಗ ನನಗೆ ಅತಿ ವಿಚಿತ್ರವೆನಿಸುವ ಗಂಟಿಗೆ ಬರೋಣ. ಹುಡುಗ ನಿಜವಾಗಿ ಹದಿನೆಂಟರೊಳಗಿನವನೇ ಎಂದು ತೀರ್ಮಾನಿಸುವುದು ಹೇಗೆ? ಕಾಯ್ದೆಯ 94ನೆಯ ಕಲಮಿನ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥ ದಾಖಲೆ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಒಂದನೆಯ ತರಗತಿಗೆ ಸೇರಿಸುವಾಗ ಅಂದಿನ ಮೇಷ್ಟರು ಬರೆದುಕೊಂಡ ಒಂದು ತಾರೀಖು ಹುಡುಗನನ್ನು ದೊಡ್ಡವರ ಜೈಲಿನಿಂದ ಉಳಿಸುತ್ತದೆ.

ಆದರೆ ಆ ತಾರೀಖು ಬೇಕೆಂದು ಶಾಲೆಗೆ ಪತ್ರ ಬರುವುದು ಪೊಲೀಸ್ ಠಾಣೆಯಿಂದ. ಮುಖ್ಯ ಶಿಕ್ಷಕರ ಮೇಜಿನ ಮೇಲೆ ಆ ಲಕೋಟೆ ಬಿದ್ದ ದಿನ ಸಂಜೆಯೊಳಗೆ ಶಿಕ್ಷಕರ ಕೊಠಡಿಗೆಲ್ಲ ವಿಷಯ ಗೊತ್ತು. ಮರುದಿನ ಬಿಸಿಯೂಟದ ಸಾಲಿಗೂ ಗೊತ್ತು. ಮಗುವಿನ ಗುರುತನ್ನು ಪತ್ರಿಕೆಯಲ್ಲಾಗಲಿ, ಬೇರಾವುದೇ ಸಂವಹನ ಮಾಧ್ಯಮದಲ್ಲಾಗಲಿ ಬಹಿರಂಗಪಡಿಸಬಾರದು ಎಂದು 74ನೆಯ ಕಲಮು ಹೇಳುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಇದು ಅನ್ವಯಿಸುವುದಿಲ್ಲ ಎಂದುಕೊಂಡ ಶಿಕ್ಷಕರು ಆ ಕಲಮನ್ನು ಒಮ್ಮೆ ಓದಲಿ.

ಮುಖ್ಯ ಶಿಕ್ಷಕರನ್ನು ಖಳನಾಯಕ ಮಾಡುವುದು ನನಗೆ ಇಷ್ಟವಿಲ್ಲ. ಅವರಿಗೆ ಬಿಇಒ ಕಚೇರಿಯಿಂದ ಫಲಿತಾಂಶದ ಒತ್ತಡ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರ ಗೊಣಗು, ಪಾಲಕರ ದೂರು. ‘ಆ ಹುಡುಗನ ಪಕ್ಕ ನನ್ನ ಮಗ ಕೂರಬೇಕೇ?’ ಎನ್ನುವವರು ಇದ್ದೇ ಇರುತ್ತಾರೆ. ಇಷ್ಟರ ನಡುವೆ ತಂದೆಯನ್ನು ಕರೆಸಿ ‘ಟಿ.ಸಿ. ತೆಗೆದುಕೊಂಡು ಹೋಗಿಬಿಡಿ, ಹುಡುಗನಿಗೂ ಒಳ್ಳೆಯದು’ ಎನ್ನುವುದು ಸುಲಭದ ದಾರಿ. ಹೊರಹಾಕಿದ ಹಾಗೂ ಆಗುವುದಿಲ್ಲ, ಇಟ್ಟುಕೊಂಡ ಹಾಗೂ ಆಗುವುದಿಲ್ಲ. ಅಂಥ ಒಂದು ಶಾಲೆಯ ಮೆಟ್ಟಿಲ ಮೇಲೆ ಒಬ್ಬ ತಂದೆ ಟಿ.ಸಿ.ಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ. ಅದು ಮತ್ತೆ ಬಿಚ್ಚಿಕೊಂಡದ್ದು ಎಲ್ಲಿ ಎಂದು ತಿಳಿಯಲಿಲ್ಲ.

(ತೆರೆಯ ಮೇಲೆ: 6ರಿಂದ 14 | 14ರಿಂದ 18)

ಇದನ್ನು ತಡೆಯಲು ಶಿಕ್ಷಣ ಹಕ್ಕು ಕಾಯ್ದೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಚೆನ್ನಾಗಿಯೂ ಇದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ಟಿ.ಸಿ. ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಆದರೆ ಅದು 6ರಿಂದ 14 ವರ್ಷದವರಿಗೆ. 2022ರಲ್ಲಿ ದೇಶದಲ್ಲಿ ಮಕ್ಕಳೇ ಅಪರಾಧ ಮಾಡಿದರೆಂದು ದಾಖಲಾದ ಪ್ರಕರಣಗಳು 30,555. ಹಾಗೆ ಹಿಡಿಯಲ್ಪಟ್ಟವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು 16ರಿಂದ 18ರ ನಡುವಿನವರು. ಕೊಡೆ ಇರುವ ಕಡೆ ಮಳೆ ಇಲ್ಲ, ಮಳೆ ಇರುವ ಕಡೆ ಕೊಡೆ ಇಲ್ಲ.

ಬಾಲನ್ಯಾಯ ಕಾಯ್ದೆಯಲ್ಲಿ 18ನೆಯ ಕಲಮು ಇದೆ. ಮಂಡಳಿ ಅಂತಿಮ ಆದೇಶ ಕೊಡುವಾಗ ‘ಮಗು ಶಾಲೆಗೆ ಹಾಜರಾಗಬೇಕು’ ಎಂದೂ ಸೇರಿಸಬಹುದು. ಓದಲು ಚಂದ. ಒಂದೇ ತೊಡಕು: ಆದೇಶ ಹುಡುಗನಿಗೆ, ಶಾಲೆಗಲ್ಲ. ಅವನು ಹೋಗಬೇಕು ಎಂದಿದೆ. ಅವರು ಸೇರಿಸಿಕೊಳ್ಳಬೇಕು ಎಂದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ತಿರುಗಿಸಿ ಹಾಕಿದೆ. ಬಾಲನ್ಯಾಯ ವ್ಯವಸ್ಥೆಯ ಸಂಪರ್ಕಕ್ಕೆ ಬಂದಿದ್ದ ಎಂಬ ಒಂದೇ ಕಾರಣಕ್ಕೆ ಸರ್ಕಾರಿ ಶಾಲೆ ವಿದ್ಯಾರ್ಥಿಯನ್ನು ನಿರಾಕರಿಸುವಂತಿಲ್ಲ ಎಂದು ಅಲ್ಲಿನ ಶಿಕ್ಷಣ ಸಂಹಿತೆ ಶಾಲೆಗೇ ಹೇಳುತ್ತದೆ. ಇನ್ನೊಂದು ಅಂಶ ನನಗೆ ಅದಕ್ಕಿಂತ ಹಿಡಿಸಿತು. ಒಳಗಿದ್ದಾಗ ಒಂದು ವಿಷಯವನ್ನು ಅರ್ಧ ಓದಿದ್ದರೂ ಆ ಅರ್ಧಕ್ಕೆ ಅಂಕ ಕೊಟ್ಟು ಹೊರಗಿನ ಶಾಲೆ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ, ಮಕ್ಕಳನ್ನು ಕೂಡಿಹಾಕುವುದರಲ್ಲಿ ಆ ದೇಶ ಯಾರಿಗೂ ಮಾದರಿಯಲ್ಲ. ಆದರೆ ನನ್ನ ಭಾನುವಾರದ ಹುಡುಗ ಆ ಕೋಣೆಯಲ್ಲಿ ಬಿಡಿಸಿದ ಅಷ್ಟೂ ಶ್ರೇಢಿಯ ಲೆಕ್ಕಗಳಿಗೆ ನಮ್ಮ ಯಾವ ಪುಸ್ತಕದಲ್ಲೂ ಅಂಕಣವಿಲ್ಲ.

ಹಾಗಾದರೆ ಮುಕ್ತ ಶಾಲೆ? ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಹಾಜರಿಯ ಕಾಟವಿಲ್ಲ. ಬಹಳ ಹಿಂದೆಯೇ ಶಾಲೆ ಬಿಟ್ಟವನಿಗೆ, ಹದಿನೇಳರಲ್ಲಿ ಎಂಟನೆಯ ತರಗತಿಯ ಬೆಂಚಿನಲ್ಲಿ ಕೂರಲು ನಾಚುವವನಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ನನ್ನ ತಕರಾರು ಎಲ್ಲರನ್ನೂ ಅದೇ ದಾರಿಗೆ ತಳ್ಳುವುದರ ಬಗ್ಗೆ. ನಿನ್ನೆಯವರೆಗೆ ಶಾಲೆಗೆ ಹೋಗುತ್ತಿದ್ದವನಿಗೆ ಅರ್ಜಿ ತುಂಬಿಸಿ ಮನೆಗೆ ಕಳುಹಿಸಿದರೆ ಬೆಳಗ್ಗೆ ಎದ್ದು ಹೋಗಲು ಜಾಗವಿಲ್ಲ, ಬೈಯಲು ಮೇಷ್ಟರಿಲ್ಲ, ಕಬಡ್ಡಿಗೆ ತಂಡವಿಲ್ಲ. ಹಳೆಯ ಗೆಳೆಯರು ಮಾತ್ರ ಮೂಲೆಯ ಅಂಗಡಿಯ ಮುಂದೆ ಕಾಯುತ್ತಿರುತ್ತಾರೆ.

(ನಿರೂಪಕ ಮೇಜಿನ ಮುಂದೆ, ಕೈಯಲ್ಲಿ ಒಂದು ಹಾಳೆ)

ನಿಮ್ಮ ಮನೆಯ, ನೆರೆಯ, ನಿಮ್ಮ ತರಗತಿಯ ಮಗುವಿಗೆ ಹೀಗಾದರೆ ಮೊದಲ ವಾರದಲ್ಲೇ ಮಾಡಬೇಕಾದ್ದು ಒಂದಿದೆ: ಟಿ.ಸಿ. ತೆಗೆದುಕೊಳ್ಳಬೇಡಿ. ಕೊಟ್ಟರೂ ಬೇಡವೆನ್ನಿ. ಕರ್ನಾಟಕದಲ್ಲಿ ಪ್ರತಿ ವಿದ್ಯಾರ್ಥಿಗೂ ಶಾಲಾ ದಾಖಲೆಯಲ್ಲಿ ಗುರುತಿಸುವ ಒಂದು ಸ್ಯಾಟ್ಸ್ ಸಂಖ್ಯೆ ಇದೆ, ಅದನ್ನು ಬರೆದಿಟ್ಟುಕೊಳ್ಳಿ. ಹತ್ತನೆಯ ತರಗತಿಯಾಗಿದ್ದರೆ ಪರೀಕ್ಷಾ ನೋಂದಣಿ ಆಗಿದೆಯೇ ಎಂದು ಅದೇ ದಿನ ಕೇಳಿ. ಪರಿವೀಕ್ಷಣಾಧಿಕಾರಿ ವರದಿಗಾಗಿ ಮನೆಗೆ ಬಂದಾಗ ಶಾಲೆಯ ವಿಷಯವನ್ನು ಕೊನೆಯ ಸಾಲಿಗೆ ಬಿಡದೆ ಮೊದಲು ಹೇಳಿ, ಪರೀಕ್ಷೆಯ ತಾರೀಖುಗಳನ್ನು ಬರೆದು ಕೈಗೆ ಕೊಡಿ. ಜಾಮೀನು ಅರ್ಜಿಯಲ್ಲೂ ಅವು ಬರಲಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಒದಗಿಸುತ್ತದೆ. ಯಾರನ್ನು ಹಿಡಿಯಬೇಕೆಂದೇ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098.

ಹಣದ ಮಾತೂ ಇದೆ. ಎಷ್ಟೋ ಹುಡುಗರು ಹೊರಬಂದ ಮರುವಾರವೇ ಕೆಲಸಕ್ಕೆ ಹೋಗುತ್ತಾರೆ, ಏಕೆಂದರೆ ಕೋರ್ಟು ಕಚೇರಿಯ ಓಡಾಟಕ್ಕೆ ಅಪ್ಪ ಸಾಲ ಮಾಡಿರುತ್ತಾನೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಮುಂದೆ ಕಾಲೇಜಿನಲ್ಲಿ, ಕೆಲಸದಲ್ಲಿ ಇದು ಬೆನ್ನು ಹತ್ತುವುದೇ ಎಂಬ ಭಯ ಎಲ್ಲ ತಾಯಂದಿರಿಗೂ ಇರುತ್ತದೆ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಬಹಿರಂಗಪಡಿಸುವಂತಿಲ್ಲ. 24ನೆಯ ಕಲಮಿನ ಪ್ರಕಾರ ಆ ಕಾರಣಕ್ಕೆ ಮಗುವಿಗೆ ಯಾವ ಅನರ್ಹತೆಯೂ ತಟ್ಟುವುದಿಲ್ಲ. ಹದಿನಾರು ದಾಟಿದವರು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದಾದರೆ ಮಾತ್ರ ಮಾತು ಬೇರೆ.

ಇನ್ನು ಈ ಹಾಳೆ. ಮುಖ್ಯ ಶಿಕ್ಷಕರಿಗೆ ಪಾಲಕರು ಬರೆಯುವ ಪತ್ರದ ನಮೂನೆ ಇದು, ಒಟ್ಟು ಐದು ಸಾಲು. ‘ಅನಿವಾರ್ಯ ಕಾರಣದಿಂದ ನನ್ನ ಮಗ ಕೆಲವು ದಿನ ಶಾಲೆಗೆ ಬರಲಾಗುತ್ತಿಲ್ಲ. ಅವನ ಹೆಸರನ್ನು ದಾಖಲಾತಿಯಿಂದ ತೆಗೆಯಬಾರದಾಗಿ ವಿನಂತಿ. ಟಿ.ಸಿ.ಗಾಗಿ ನಾನು ಅರ್ಜಿ ಸಲ್ಲಿಸಿರುವುದಿಲ್ಲ. ಪರೀಕ್ಷಾ ನೋಂದಣಿಯಲ್ಲಿ ಅವನ ಹೆಸರು ಇರಲಿ. ಪಾಠದ ಟಿಪ್ಪಣಿಗಳನ್ನು ವಾರಕ್ಕೊಮ್ಮೆ ನಾನೇ ಬಂದು ಒಯ್ಯುತ್ತೇನೆ.’ ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ನಮೂನೆಯನ್ನು ವಿಡಿಯೋದ ಕೆಳಗೆ ಹಾಕಿದ್ದೇನೆ. ಪೊಲೀಸ್, ಮಂಡಳಿ, ವೀಕ್ಷಣಾಲಯ, ಈ ಮೂರು ಪದಗಳು ಅದರಲ್ಲಿ ಎಲ್ಲೂ ಇಲ್ಲ. ನೀವೂ ಸೇರಿಸಬೇಡಿ.

(ತೆರೆಯ ಮೇಲೆ: ಮತ್ತೆ ಅದೇ ಹಾಜರಿ ಪುಟ. ಕ್ರಮಸಂಖ್ಯೆ 23ರ ಎದುರು ಗೈರುಹಾಜರಿಯ ಗುರುತುಗಳು ಹಾಗೆಯೇ ಇವೆ. ಹೆಸರಿನ ಮೇಲೆ ಗೆರೆ ಇಲ್ಲ.)